ತೋಟದಲ್ಲೇ ಬೀಟೆ ಬಿದ್ದಿದೆ, ಗಿಟಾರ್ ಮಾಡಲು ಶುರು ಮಾಡಲೇ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವನು, ವಯಸ್ಸು 27. ಬಿ.ಕಾಂ. ಮುಗಿಸಿ ಮಡಿಕೇರಿಯ ಒಂದು ರೆಸಾರ್ಟ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಕಾಲೇಜಿನಿಂದಲೂ ಗಿಟಾರ್ ನುಡಿಸುತ್ತೇನೆ. ಈಗ ಗಿಟಾರ್ ಮಾಡುವುದನ್ನೇ ಕಲಿಯಬೇಕು ಅನ್ನಿಸಿದೆ. ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ. ಹೋದ ಮಳೆಗಾಲದಲ್ಲಿ ದೊಡ್ಡ ಬೀಟೆ ಮರವೊಂದು ಬಿದ್ದಿದೆ. ಗಿಟಾರ್‌ಗೆ ಬೀಟೆಯೇ ಬೆಸ್ಟ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನನ್ನ ಗಿಟಾರ್‌ನ ಬ್ರಿಡ್ಜ್, ಅಂದರೆ ತಂತಿಗಳ ಬುಡ ಸಿಕ್ಕಿಸುವ ಪಟ್ಟಿ, ಜುಲೈಯಲ್ಲಿ ಎದ್ದುಬಂತು. ನಮ್ಮ ಮಳೆಯಲ್ಲಿ ಗಿಟಾರ್ ಉಳಿಯುವುದೇ ಕಷ್ಟ, ಇನ್ನು ಮಾಡುವುದು ಸಾಧ್ಯವಾ? ಕೆಲಸ ಬಿಟ್ಟು, ಕೂಡಿಟ್ಟ ದುಡ್ಡಿನಲ್ಲಿ ವಿದೇಶದ ಕೋರ್ಸ್ ಮಾಡಿ ಇದನ್ನೇ ಜೀವನ ಮಾಡಿಕೊಳ್ಳಬಹುದಾ? 'ಮರಗೆಲಸಕ್ಕೆ ಡಿಗ್ರಿ ಬೇಕಿತ್ತಾ' ಅಂತ ಅಪ್ಪ ಬೇಜಾರಾಗಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಇದೆ. ಮರ, ಮಳೆ, ಜೀವನ. ನೀವು ಹೆಚ್ಚು ಬರೆದಿರುವುದು ಮರದ ಬಗ್ಗೆ. ಆದರೆ ಕೊಡಗಿನಲ್ಲಿ ಕೂತು ಗಿಟಾರ್ ಮಾಡುವವರಿಗೆ ಮರ ದೊಡ್ಡ ಸಮಸ್ಯೆ ಅಲ್ಲ. ನಮ್ಮ ಸಮಸ್ಯೆ ಗಾಳಿಯಲ್ಲಿರುವ ತೇವ. ಅದನ್ನು ಹಿಡಿತಕ್ಕೆ ತಂದುಕೊಂಡರೆ ಸಾಧಾರಣ ಮರದಲ್ಲೂ ಒಳ್ಳೆಯ ಗಿಟಾರ್ ಆಗುತ್ತದೆ. ತಾರದಿದ್ದರೆ ಎಂಥ ಬೀಟೆ ಇದ್ದರೂ ಒಂದೆರಡು ವರ್ಷದಲ್ಲಿ ಸೀಳುತ್ತದೆ. ವಿರಾಜಪೇಟೆಯ ನನ್ನ ಶೆಡ್‌ಗೆ ರಿಪೇರಿಗೆ ಬರುವ ಗಿಟಾರ್‌ಗಳನ್ನು ನೋಡಿಯೇ ಇದನ್ನು ಹೇಳುತ್ತಿದ್ದೇನೆ.

ಮೊದಲು ಬೀಟೆಯ ವಿಷಯ ಮುಗಿಸೋಣ. ಬೀಟೆ, ಅಂದರೆ ಇಂಡಿಯನ್ ರೋಸ್‌ವುಡ್, ನಿಜಕ್ಕೂ ಒಳ್ಳೆಯ ಮರ. ಬಿಸಿ ಕೊಟ್ಟರೆ ಚೆನ್ನಾಗಿ ಬಾಗುತ್ತದೆ, ಬಾಗಿದ ಮೇಲೆ ಹಾಗೇ ನಿಲ್ಲುತ್ತದೆ, ನೋಡಲು ಚೆಂದ. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿ ಹೊರಗೆ ಹೋಗುವುದನ್ನು ತಡೆಯಿತು. ಆಗ ಅಮೆರಿಕದ ಮಾರ್ಟಿನ್‌ನಂಥ ಗಿಟಾರ್ ಕಂಪನಿಗಳು ಹಿಡಿದದ್ದು ನಮ್ಮ ಪಶ್ಚಿಮ ಘಟ್ಟದ ಬೀಟೆಯನ್ನು. ಹಾಗಾಗಿ ಅದಕ್ಕೆ ಹೆಸರು ಸುಮ್ನೆ ಬಂದಿಲ್ಲ. ಆದರೆ ಗಿಟಾರ್‌ನ ದನಿ ಹುಟ್ಟುವುದು ಬೀಟೆಯಿಂದ ಅನ್ನುವುದು ತಪ್ಪು. ದನಿಯ ಬಹುಪಾಲು ಕೆಲಸ ಮುಂದಿನ ಹಲಗೆಯದು, ನಾವು ಟಾಪ್ ಅನ್ನುತ್ತೇವಲ್ಲ, ಅದರದು. ಇದು ಹಳೆಯ ಸಂಗತಿ. ಈಗಿನ ಕ್ಲಾಸಿಕಲ್ ಗಿಟಾರ್‌ಗೆ ರೂಪ ಕೊಟ್ಟ ಸ್ಪೇನಿನ ಅಂತೋನಿಯೋ ದೆ ತೊರೆಸ್ 1862ರಲ್ಲಿ ಒಂದು ಗಿಟಾರ್ ಮಾಡಿದರು. ಅದರ ಬೆನ್ನು ಮತ್ತು ಪಕ್ಕ ಪೂರಾ ಕಾಗದದ ರಟ್ಟು. ಟಾಪ್ ಮಾತ್ರ ಸ್ಪ್ರೂಸ್ ಅನ್ನುವ ಹಗುರ ಮರ. ಟಾಪ್ ಎಷ್ಟು ಮುಖ್ಯ ಅಂತ ತೋರಿಸುವುದೇ ಅವರ ಉದ್ದೇಶ. 2018ರಲ್ಲಿ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಆರು ಗಿಟಾರ್ ಮಾಡಿಸಿ ಪರೀಕ್ಷಿಸಿದರು. ಬೆನ್ನು ಮತ್ತು ಪಕ್ಕದ ಮರ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಯಾವ ಮರ ಅಂತ ಕಾಣದ ಹಾಗೆ ಮಾಡಿ 52 ಗಿಟಾರ್ ವಾದಕರ ಕೈಗೆ ಕೊಟ್ಟರು. ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂತು. ಅದರಲ್ಲಿ ಬ್ರೆಜಿಲ್‌ನ ದುಬಾರಿ ರೋಸ್‌ವುಡ್ಡೂ ಇತ್ತು, ನಮ್ಮ ಬೀಟೆಯೂ ಇತ್ತು, ಸಾಧಾರಣ ಮಹಾಗನಿ, ಸಪೆಲೆಯೂ ಇದ್ದವು.

ನಿಮ್ಮ ತೋಟದಲ್ಲಿ ಬಿದ್ದ ಬೀಟೆಯನ್ನು ದಯವಿಟ್ಟು ಹಾಗೇ ಸಾಮಿಲ್‌ಗೆ ಸಾಗಿಸಬೇಡಿ. ಸ್ವಂತ ತೋಟದ ಮರವಾದರೂ ಬೀಟೆಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. ಬಿದ್ದ ಮರ ಅಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಅದರ ಮೇಲೆ ನಮ್ಮ ಜಿಲ್ಲೆಯ ಜಮ್ಮಾ ಬಾಣೆಯ, ಅಂದರೆ ಗದ್ದೆಯ ಜೊತೆ ವಂಶಪಾರಂಪರ್ಯವಾಗಿ ಬಂದ ಗುಡ್ಡದ ಜಾಗದ, ತೊಡಕು ಬೇರೆ. ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಜಾಗ ರಿಡೀಮ್ ಆಗಿದೆಯೇ ಇಲ್ಲವೇ ಅನ್ನುವುದರ ಮೇಲೆ ಮರದ ಹಕ್ಕು ಯಾರದು ಅಂತ ತೀರ್ಮಾನವಾಗುತ್ತದೆ. ಅಪ್ಪನ ಹತ್ತಿರ ದಾಖಲೆ ತೆಗೆಸಿ, ರೇಂಜ್ ಆಫೀಸ್‌ಗೆ ಹೋಗಿ ಅರ್ಜಿ ಕೊಡಿ. ತಡವಾಗಬಹುದು, ಆಗಲಿ. ಮುಂದೆ ಹೊರದೇಶಕ್ಕೆ ಮಾರುವ ಆಸೆ ಇದ್ದರೆ ಇನ್ನೊಂದು ವಿಷಯ ತಿಳಿದಿರಿ. ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್. 2017ರ ಜನವರಿಯಿಂದ ಬೀಟೆ ಸೇರಿರುವ ಇಡೀ ಕುಲ ಅದರ ಪಟ್ಟಿಯಲ್ಲಿದೆ. 2019ರ ನವೆಂಬರ್‌ನಿಂದ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ, ದಿಮ್ಮಿ, ಹಲಗೆಗೆ ಇಲ್ಲ. ಆಗಲೂ ಮರ ಎಲ್ಲಿಂದ ಬಂತು ಅಂತ ತೋರಿಸುವ ಕಾಗದ ನಿಮ್ಮ ಕೈಯಲ್ಲಿರಬೇಕು.

ಇನ್ನು ಮಳೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮರ ಕಡಿದು ಒಣಗಿಸಿದ ಮೇಲೂ ಸುಮ್ಮನಿರುವುದಿಲ್ಲ. ಸುತ್ತಲಿನ ಗಾಳಿ ಒದ್ದೆಯಾದರೆ ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಬಿಟ್ಟುಕೊಟ್ಟು ಕುಗ್ಗುತ್ತದೆ. ಉದ್ದಕ್ಕೆ ಈ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಗಲಕ್ಕೆ ಜಾಸ್ತಿ. ಗಾಳಿಯ ತೇವ ಶೇ. 80 ಇರುವ ಕೋಣೆಯಲ್ಲಿ ಬಹಳ ದಿನ ಇದ್ದ ಹಲಗೆಯೊಳಗೆ ಶೇ. 16ರಷ್ಟು ನೀರಿರುತ್ತದೆ. ಗಾಳಿಯ ತೇವ ಶೇ. 45ಕ್ಕೆ ಇಳಿದರೆ ಹಲಗೆಯ ನೀರು ಶೇ. 8ಕ್ಕೆ ಬರುತ್ತದೆ. ದೊಡ್ಡ ಅಕೌಸ್ಟಿಕ್ ಗಿಟಾರ್‌ನ ಟಾಪ್ ಅಗಲವಾದ ಕಡೆ 400 ಮಿಲಿಮೀಟರ್ ಹತ್ತಿರ ಇರುತ್ತದೆ. ಸ್ಪ್ರೂಸ್ ಮರದಲ್ಲಿ ಈ ವ್ಯತ್ಯಾಸಕ್ಕೆ ಅದು ಒಂದು ಬದಿಯಿಂದ ಇನ್ನೊಂದು ಬದಿಗೆ 4 ಮಿಲಿಮೀಟರ್‌ಗೂ ಹೆಚ್ಚು ಕುಗ್ಗುತ್ತದೆ.

ಈಗ ಯೋಚನೆ ಮಾಡಿ. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ, ಉಬ್ಬಿ ನಿಂತ ಟಾಪ್‌ಗೆ ನೀವು ಅಡ್ಡಪಟ್ಟಿ ಅಂಟಿಸಿದಿರಿ. ಅದನ್ನೇ ಬ್ರೇಸ್ ಅನ್ನುವುದು. ಅದರ ಎಳೆ ಟಾಪ್‌ನ ಎಳೆಗೆ ಅಡ್ಡಡ್ಡ ಇರುವುದರಿಂದ ಆ ದಿಕ್ಕಿಗೆ ಅದು ಕುಗ್ಗುವುದಿಲ್ಲ. ಗಿಟಾರ್ ಮುಗಿಯಿತು, ಬೆಂಗಳೂರಿನ ಗೆಳೆಯನಿಗೆ ಕೊಟ್ಟಿರಿ. ಮಾರ್ಚ್ ಮಧ್ಯಾಹ್ನ ಅಲ್ಲಿ ತೇವ ಶೇ. 30ಕ್ಕೂ ಕೆಳಗೆ ಹೋಗುತ್ತದೆ. ಟಾಪ್ ಕುಗ್ಗಬೇಕು, ಬ್ರೇಸ್ ಬಿಡುವುದಿಲ್ಲ. ಬ್ರಿಡ್ಜ್ ಹಿಂದಿನಿಂದ ಕೆಳಗಿನವರೆಗೆ ಒಂದು ನೇರ ಗೆರೆ ಬಿಡುತ್ತದೆ. ಅಂಥ ಸೀಳು ಬಂದ ಗಿಟಾರ್ ತಂದವರೆಲ್ಲ 'ಮರ ಸರಿ ಇರಲಿಲ್ಲ' ಅನ್ನುತ್ತಾರೆ. ಮರ ಸರಿಯಾಗಿಯೇ ಇತ್ತು. ಅಂಟಿಸಿದ ದಿನ ಸರಿ ಇರಲಿಲ್ಲ.

ನಿಮ್ಮ ಬ್ರಿಡ್ಜ್ ಎದ್ದದ್ದು ಇದರ ಉಲ್ಟಾ ಕಥೆ. ಒಣಗಿದ ವಾತಾವರಣದಲ್ಲಿ ಮಾಡಿದ ಗಿಟಾರ್ ನಮ್ಮ ಜುಲೈಗೆ ಬಂದಾಗ ಟಾಪ್ ಹಿಗ್ಗುತ್ತದೆ. ಅಕ್ಕಪಕ್ಕ ಹೋಗಲು ಜಾಗ ಇಲ್ಲ, ಹಾಗಾಗಿ ಮೇಲಕ್ಕೆ ಉಬ್ಬುತ್ತದೆ. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಆರೂ ತಂತಿ ಸೇರಿ ಸುಮಾರು 70 ಕಿಲೋಗೂ ಹೆಚ್ಚು ಎಳೆಯುತ್ತವೆ. ಉಬ್ಬಿದ ಟಾಪ್ ಮೇಲೆ ಚಪ್ಪಟೆ ತಳದ ಬ್ರಿಡ್ಜ್ ಹಿಂಬದಿಯಿಂದ ಬಾಯಿ ಬಿಡುತ್ತದೆ. ಬ್ರಿಡ್ಜ್‌ನ ಹಿಂದಿನ ಅಂಚಿನ ಕೆಳಗೆ ಒಂದು ತೆಳು ಕಾಗದ ತೂರಿಸಿ ನೋಡಿ. ಒಳಗೆ ಹೋಯಿತು ಅಂದರೆ ತಕ್ಷಣ ತಂತಿ ಸಡಿಲ ಮಾಡಿ. ಫೆವಿಕಾಲ್ ಹಿಂಡಿ ಮೇಲೆ ಕಲ್ಲು ಹೇರಬೇಡಿ. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಮಾಮೂಲಿ ಬಿಳಿ ಅಂಟು ಒಣಗಿದ ಮೇಲೂ ಬಿಸಿಗೆ, ಎಳೆತಕ್ಕೆ ನಿಧಾನವಾಗಿ ಜಾರುತ್ತದೆ. ಬ್ರಿಡ್ಜ್ ಪೂರ್ತಿ ಬಿಚ್ಚಿ, ಎರಡೂ ಕಡೆ ಬರೀ ಮರ ಕಾಣುವಷ್ಟು ಕೆರೆದು, ವಾದ್ಯಕ್ಕೆ ಬಳಸುವ ಹಳದಿ ಅಂಟು ಅಥವಾ ಹಳೇ ಆಚಾರಿಗಳ ಮರವಜ್ರ ಹಾಕಬೇಕು. ಬಿಸಿ ಕೊಟ್ಟರೆ ಬಿಡುವ, ತಣ್ಣಗಾದರೆ ಬಿಗಿಯಾಗಿ ಹಿಡಿಯುವ ಗುಣ ಮರವಜ್ರದ್ದು. ಮುಂದಿನ ರಿಪೇರಿಯವರಿಗೆ ಅದು ದೊಡ್ಡ ಉಪಕಾರ.

ಹಾಗಾದರೆ ನಮ್ಮೂರಲ್ಲಿ ಮಾಡುವುದೇ ಬೇಡವಾ? ಖಂಡಿತ ಮಾಡಬಹುದು. ಆದರೆ ಎಲ್ಲಕ್ಕಿಂತ ಮೊದಲು ಒಣ ಜಾಗ ಮಾಡಿಕೊಳ್ಳಿ. ಟಾಪ್, ಬೆನ್ನು, ಬ್ರೇಸ್ ಅಂಟಿಸುವ ಹೊತ್ತಿನಲ್ಲಿ ತೇವ ಶೇ. 45ರಿಂದ 50ರ ನಡುವೆ ಇರಬೇಕು. ಚಿಕ್ಕ ಕೋಣೆಯೊಂದರ ಸಂದುಗೊಂದಿ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರ ಇಡುವುದು ಒಂದು ದಾರಿ. ಅದರ ಕಷ್ಟ ನಿಮಗೇ ಗೊತ್ತು. ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಬರುವುದು ಯಾವಾಗಲೋ. ಅದನ್ನೊಂದೇ ನಂಬಿ ಮಳೆಗಾಲದ ನಡುವೆ ಟಾಪ್ ಅಂಟಿಸಲು ಕೂರಬೇಡಿ.

ಹಳೆಯ ಅಲ್ಮೇರಾ ಸಿಕ್ಕಿದರೆ ಕಡಿಮೆ ಖರ್ಚಿನ ದಾರಿಯೊಂದಿದೆ. ಕೆಳಗೆ ಹಳೇ ಕಾಲದ 60 ವ್ಯಾಟ್‌ನ ಬಿಸಿಯಾಗುವ ಬಲ್ಬ್ ಹಾಕಿ, ಮೇಲೆ ಗಾಳಿಯಾಡಲು ಸಣ್ಣ ತೂತು ಬಿಡಿ. ಬಲ್ಬ್‌ಗೆ ಮರ, ಬಟ್ಟೆ ತಾಗದಂತೆ ಸುತ್ತ ತಂತಿ ಬಲೆ ಇರಲಿ. 20 ಡಿಗ್ರಿಯಲ್ಲಿ ಶೇ. 90 ತೇವ ಇರುವ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ತೇವ ಶೇ. 50ಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ನೀರು ಅಷ್ಟೇ ಇರುತ್ತದೆ, ಬಿಸಿ ಗಾಳಿಗೆ ಹಿಡಿದಿಡುವ ಶಕ್ತಿ ಹೆಚ್ಚುತ್ತದೆ ಅಷ್ಟೆ. ನಮ್ಮ ಹಿರಿಯರು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟ ವಸ್ತು ಮಳೆಗಾಲ ಪೂರ್ತಿ ಬೂಸ್ಟು ಹಿಡಿಯದೆ ಉಳಿಯುತ್ತಿದ್ದದ್ದೂ ಇದರಿಂದಲೇ. ಕತ್ತರಿಸಿದ ಹಲಗೆಗಳನ್ನು ಆ ಅಲ್ಮೇರಾದಲ್ಲಿ ಇಡಿ, ಅಂಟಿಸುವ ದಿನ ಹೊರಗೆ ತೆಗೆದು ಬೇಗ ಕೆಲಸ ಮುಗಿಸಿ ಮತ್ತೆ ಒಳಗಿಡಿ.

ತೇವ ಅಳೆಯುವ ಡಿಜಿಟಲ್ ಮೀಟರ್ ಈಗ ಅಗ್ಗವಾಗಿ ಸಿಗುತ್ತದೆ. ಆದರೆ ತಂದ ಕೂಡಲೇ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಗಟ್ಟಿ ಹಿಟ್ಟಿನಂತಾಗುವಷ್ಟು ನೀರು ಬೆರೆಸಿ. ಉಪ್ಪು ಕರಗಿ ಹೋಗಬಾರದು. ಅದನ್ನೂ ಮೀಟರನ್ನೂ ಜಿಪ್ ಕವರ್‌ನಲ್ಲಿ ಹಾಕಿ ಮುಚ್ಚಿ, ರಾತ್ರಿಯಿಡೀ ಬಿಡಿ. ಒಳಗಿನ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 69 ತೋರಿಸಿದರೆ ಅದು 6 ಕಡಿಮೆ ತೋರಿಸುತ್ತದೆ ಅಂತ ಅದರ ಬೆನ್ನಿಗೇ ಬರೆದು ಅಂಟಿಸಿ. ಮರ ಒಣಗಿದೆಯಾ ಅಂತ ತಿಳಿಯಲು ತಕ್ಕಡಿ ಸಾಕು. ಹಲಗೆಯ ತೂಕ ವಾರಕ್ಕೊಮ್ಮೆ ಬರೆಯಿರಿ. ತೂಕ ಇಳಿಯುವುದು ನಿಂತಾಗ ಅದು ಆ ಜಾಗದ ಗಾಳಿಗೆ ಹೊಂದಿಕೊಂಡಿದೆ. ಕಾಫಿ ಒಣಗಿಸಿ ತೂಕ ನೋಡಿ ಚೀಲ ತುಂಬುವ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಎಲ್ಲಕ್ಕಿಂತ ಸುಲಭದ ಉಪಾಯ ಕಾಲ ನೋಡಿ ಕೆಲಸ ಮಾಡುವುದು. ನವೆಂಬರ್-ಡಿಸೆಂಬರ್‌ನ ಹುತ್ತರಿ ಹಬ್ಬ ಕಳೆದ ಮೇಲೆ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವವರೆಗಿನ ದಿನಗಳು ನಮಗೆ ಅಂಟಿಸುವ ಕಾಲ. ಬಿಸಿಲಿನ ಮಧ್ಯಾಹ್ನ ಬೇಕಾದ ಒಣ ಹವೆ ತಾನಾಗಿಯೇ ಸಿಗುತ್ತದೆ. ತೊಂದರೆ ಏನೆಂದರೆ ಕಾಫಿ ಕೊಯ್ಲೂ ಆಗಲೇ. ಅಪ್ಪನಿಗೆ ನೀವು ಬೇಕಾಗುವುದೂ ಆಗಲೇ. ಇದನ್ನು ಮೊದಲೇ ಕೂತು ಮಾತಾಡಿಕೊಳ್ಳಿ. ಮಳೆಗಾಲದಲ್ಲಿ ನೆಕ್ (ಗಿಟಾರ್‌ನ ಉದ್ದನೆಯ ಕತ್ತು) ಕೆತ್ತುವುದು, ಅಚ್ಚು ಮತ್ತು ಕೆಲಸದ ಹೊತ್ತಿಗೆ ಮರ ಹಿಡಿದಿಡುವ ಜಿಗ್ ಮಾಡಿಕೊಳ್ಳುವುದು, ಉಳಿ ಹರಿತ ಮಾಡುವುದು, ರಿಪೇರಿ ಇವನ್ನೆಲ್ಲ ಮಾಡಬಹುದು. ಪಾಲಿಷ್ ಮಾತ್ರ ಬೇಡ. ಲ್ಯಾಕರ್ ಆಗಲಿ ಅರಗಿನ ಫ್ರೆಂಚ್ ಪಾಲಿಷ್ ಆಗಲಿ ಒದ್ದೆ ಗಾಳಿಯಲ್ಲಿ ಹಚ್ಚಿದರೆ ಬೆಳ್ಳಗೆ ಮಂಜು ಹಿಡಿದಂತೆ ಆಗುತ್ತದೆ.

ಯಾವುದರಿಂದ ಶುರು ಮಾಡಬೇಕು? ನನ್ನನ್ನು ಕೇಳಿದರೆ ರಿಪೇರಿಯಿಂದ. ಗುಜರಿಗೆ ಹೋಗುವಂಥ ಎರಡು ಮೂರು ಗಿಟಾರ್ ಕಡಿಮೆ ಬೆಲೆಗೆ ತನ್ನಿ. ಬಿಚ್ಚಿ. ಒಳಗೆ ಬ್ರೇಸ್ ಹೇಗಿದೆ, ಎಲ್ಲಿ ಅಂಟು ಬಿಟ್ಟಿದೆ ನೋಡಿ. ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಾದ ಫ್ರೆಟ್ ಸಮ ಮಾಡುವುದು, ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿಯಾದ ನಟ್ ಕೊರೆಯುವುದು ಕಲಿಯಿರಿ. ಕೆಟ್ಟರೆ ನಷ್ಟ ಕಡಿಮೆ, ಕಲಿಕೆ ಜಾಸ್ತಿ. ಆಮೇಲೆ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡಿ. ಅದರ ಬಾಡಿ ಗಟ್ಟಿ ಮರದ ತುಂಡು. ಬಾಗಿಸುವುದಿಲ್ಲ, ತೆಳು ಟಾಪ್ ಇಲ್ಲ, ಮಳೆಗೆ ಅಷ್ಟು ಬೇಗ ಬಗ್ಗುವುದೂ ಇಲ್ಲ. ನೆಕ್ ಮೊದಲ ಸಲ ರೆಡಿಮೇಡ್ ತಂದು ಬೋಲ್ಟ್ ಹಾಕಿದರೂ ನಾಚಿಕೆಪಡಬೇಕಿಲ್ಲ. ನಿಮ್ಮ ಸಿಲ್ವರ್ ಓಕ್ ಈ ಬಾಡಿಗೆ ಒಳ್ಳೆಯದು. ಎಳೆ ನೆಟ್ಟಗೆ ನಿಲ್ಲುವಂತೆ ಕೊಯ್ಯಿಸಿದರೆ ಮೈತುಂಬ ಬಲೆ ನೇಯ್ದಂಥ ಹೊಳಪು ಬರುತ್ತದೆ. ಬಿಳಿ ಭಾಗ ಬಿಟ್ಟು ಒಳಗಿನ ಚೇಗು ಮಾತ್ರ ಬಳಸಿ, ಬಿಳಿ ಭಾಗಕ್ಕೆ ಕುಟ್ಟೆ ಹುಳ ಬೇಗ ಬೀಳುತ್ತದೆ. ಹಲಸೂ ಆಗುತ್ತದೆ. ವೀಣೆಗೆ ಆಗುವ ಮರ ಗಿಟಾರ್‌ಗೆ ಯಾಕೆ ಆಗಬಾರದು? ನೆಕ್‌ಗೆ ಗಂಧಗರಿಗೆ ನೋಡಿ. ಕ್ಲಾಸಿಕಲ್ ಗಿಟಾರ್‌ನ ನೆಕ್‌ಗೆ ಬಳಸುವ ಸ್ಪ್ಯಾನಿಷ್ ಸೀಡರ್ ಅದರ ಕುಟುಂಬದ್ದೇ. ಅಕೌಸ್ಟಿಕ್‌ನ ಟಾಪ್‌ಗೆ ಮಾತ್ರ ಸ್ಪ್ರೂಸ್ ಅಥವಾ ವೆಸ್ಟರ್ನ್ ರೆಡ್ ಸೀಡರ್ ತರಿಸಲೇಬೇಕು. ನಮ್ಮ ಕಾಡಿನಲ್ಲಿ ಅದಕ್ಕೆ ಸಮನಾದದ್ದು ನನಗಂತೂ ಸಿಕ್ಕಿಲ್ಲ.

ಫ್ರೆಟ್ ಗುರುತು ಹಾಕುವಾಗ ಒಂದು ಎಚ್ಚರ. ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ 650 ಮಿಲಿಮೀಟರ್ ಅಂತ ಇಟ್ಟುಕೊಂಡಿರಿ ಅಂದುಕೊಳ್ಳಿ. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ ನಟ್‌ನಿಂದ 36.48ಕ್ಕೆ ಬರುತ್ತದೆ. ಉಳಿದ 613.52ನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ 34.43. ಎರಡನೆಯ ಫ್ರೆಟ್ ನಟ್‌ನಿಂದ 70.92ಕ್ಕೆ. ಹೀಗೇ ಮುಂದೆ. ಲೆಕ್ಕ ಫ್ರೆಟ್‌ನಿಂದ ಫ್ರೆಟ್‌ಗೆ ಮಾಡಿದರೂ ಗೆರೆ ಎಳೆಯುವಾಗ ಪ್ರತಿ ಸಲ ಅಳತೆಪಟ್ಟಿಯನ್ನು ನಟ್‌ಗೇ ಇಟ್ಟು ಅಳೆಯಿರಿ. ಇಲ್ಲದಿದ್ದರೆ ಪ್ರತಿ ಗೆರೆಯ ಚೂರು ತಪ್ಪು ಕೂಡುತ್ತಾ ಹೋಗುತ್ತದೆ. 12ನೆಯದು ಸರಿಯಾಗಿ 325ಕ್ಕೆ ಬಂದರೆ ಲೆಕ್ಕ ಸರಿ. ಪೆನ್ಸಿಲ್ ಬೇಡ, ಚೂಪು ಚಾಕುವಿನಿಂದ ಗೀರಿ. ಗರಗಸದ ಹಲ್ಲು ಆ ಗೀರಿನಲ್ಲಿ ಕೂರುತ್ತದೆ.

ಬೀಟೆ ಕೊಯ್ಯುವಾಗ, ಉಜ್ಜುವಾಗ ಮಾಸ್ಕ್ ಹಾಕಲೇಬೇಕು. ಅದರ ಧೂಳಿಗೆ ಚರ್ಮ ತುರಿಸುತ್ತದೆ, ಕೆಲವರಿಗೆ ಉಬ್ಬಸವೇ ಬರುತ್ತದೆ. ಒಮ್ಮೆ ಅಲರ್ಜಿ ಹತ್ತಿದರೆ ಮತ್ತೆ ಆ ಮರ ಮುಟ್ಟುವುದು ಕಷ್ಟ.

ಕೊನೆಯದು ಜೀವನದ ಪ್ರಶ್ನೆ. ಕೆಲಸ ಈಗಲೇ ಬಿಡಬೇಡಿ. ಮೊದಲ ಅಕೌಸ್ಟಿಕ್ ಗಿಟಾರ್‌ಗೆ 150ರಿಂದ 200 ಗಂಟೆ ಹಿಡಿಯುವುದು ಸಾಮಾನ್ಯ. ಪಳಗಿದ ಮೇಲೂ ಒಬ್ಬರೇ ಮಾಡುವವರು ವರ್ಷಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ಮಾಡುವುದು ಅಪರೂಪ. ನೀವು ಅಕೌಂಟ್ಸ್ ಓದಿದವರು, ಲೆಕ್ಕ ನೀವೇ ಹಾಕಿ. ಮರ, ತಂತಿ, ಕರೆಂಟ್, ಕೆಟ್ಟುಹೋದವು, ಎಲ್ಲ ಕಳೆದು ಉಳಿಯುವುದರಲ್ಲಿ ಮನೆ ನಡೆಯಬೇಕಾದರೆ ಒಂದೊಂದು ಗಿಟಾರ್ ಎಷ್ಟಕ್ಕೆ ಹೋಗಬೇಕು? ಆ ಬೆಲೆ ಕೊಡುವವರು ಹೆಸರು ನೋಡಿ ಕೊಡುತ್ತಾರೆ. ಹೆಸರು ಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಅನ್ನ ಹಾಕುವುದು ರಿಪೇರಿ. ನಮ್ಮ ಜಿಲ್ಲೆಯ ಚರ್ಚ್, ಶಾಲೆ, ರೆಸಾರ್ಟ್, ಮನೆಗಳಲ್ಲಿ ಗಿಟಾರ್ ಸಾಕಷ್ಟಿವೆ. ಪ್ರತಿ ಮಳೆಗಾಲ ಅವುಗಳ ಬ್ರಿಡ್ಜ್ ಏಳುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ನೆಕ್ ಬಾಗುತ್ತದೆ. ಮೈಸೂರು, ಬೆಂಗಳೂರಿಗೆ ಒಯ್ಯದೆ ಇಲ್ಲೇ ಸರಿ ಮಾಡುವವರು ಕಡಿಮೆ. ವಾರದ ರಜೆಯಲ್ಲಿ ಮಾಡಿದರೂ ಕೈ ಪಳಗುತ್ತದೆ, ಗಿರಾಕಿಗಳೂ ಆಗುತ್ತಾರೆ.

ಅಪ್ಪನ ಬೇಜಾರನ್ನು ತಳ್ಳಿಹಾಕಬೇಡಿ. ಅವರ ಆತಂಕ ದುಡ್ಡಿನದು, ಅದು ನ್ಯಾಯವೇ. ಹಾಗಂತ ಮರಗೆಲಸ ಕೀಳಲ್ಲ. ಕೋಲ್ಕತ್ತದ ಕಾರ್ಖಾನೆಗಳಲ್ಲಿ ಗಿಟಾರ್ ಮಾಡುವವರು ಎಷ್ಟೋ ಮಂದಿ ಇದ್ದಾರೆ. ಅಮೆರಿಕದ ಅರಿಜೋನಾದಲ್ಲಿ ರಾಬರ್ಟೋ-ವೆನ್ ಅನ್ನುವ ಶಾಲೆ 1975ರಿಂದ ಇದನ್ನೇ ಕಲಿಸುತ್ತಿದೆ. ಅಂಥ ಕೋರ್ಸ್ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಕೆಲವೇ ತಿಂಗಳಲ್ಲಿ ಕಲಿಸುವುದನ್ನು ಒಬ್ಬರೇ ಕಲಿಯಲು ವರ್ಷಗಳು ಹಿಡಿಯುತ್ತವೆ. ಆದರೆ ಅರಿಜೋನಾ ಮರಳುಗಾಡು. ನಮ್ಮ ಮಳೆಯಲ್ಲಿ ಏನಾಗುತ್ತದೆ ಅಂತ ಅಲ್ಲಿ ಯಾರೂ ತೋರಿಸಲಾರರು. ಮನೆಯಲ್ಲೇ ಎರಡು ಗಿಟಾರ್ ಮುಗಿಸಿದ ಮೇಲೂ ಹೋಗಬೇಕು ಅನ್ನಿಸಿದರೆ ಹೋಗಿ. ಆಗ ಏನು ಕೇಳಬೇಕು ಅಂತ ನಿಮಗೆ ಗೊತ್ತಿರುತ್ತದೆ, ಕೊಟ್ಟ ಫೀಸಿಗೂ ಬೆಲೆ ಸಿಗುತ್ತದೆ. ಅದಕ್ಕೆ ಮುಂಚೆ ಬೆಂಗಳೂರಿನ ಯಾವುದಾದರೂ ರಿಪೇರಿ ಅಂಗಡಿಯಲ್ಲಿ ಕೆಲವು ವಾರ ನಿಂತು ನೋಡಲು ಕೇಳಿಕೊಳ್ಳಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ.

ಮೊದಲ ಒಂದೆರಡು ಅಕೌಸ್ಟಿಕ್ ಗಿಟಾರ್‌ಗಳನ್ನು ಮಾತ್ರ ಮಾರಬೇಡಿ, ಯಾರು ಕೇಳಿದರೂ. ತಂತಿ ಹಾಕಿ, ಶ್ರುತಿ ಮಾಡಿ, ಒಂದನ್ನು ಮನೆಯಲ್ಲಿ ಇಡಿ, ಇನ್ನೊಂದನ್ನು ಬೆಂಗಳೂರಿನ ಗೆಳೆಯನ ಮನೆಯಲ್ಲಿ ಇಡಿ. ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಕಳೆಯಲಿ. ತಿಂಗಳಿಗೊಮ್ಮೆ 12ನೇ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ, ಬ್ರಿಡ್ಜ್ ಹಿಂದೆ ಟಾಪ್ ಎಷ್ಟು ಉಬ್ಬಿದೆ, ಆ ದಿನ ಮೀಟರ್ ಎಷ್ಟು ತೋರಿಸಿತು, ಈ ಮೂರನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಮುಂದಿನ ಗಿಟಾರ್‌ನ ಟಾಪ್ ಎಷ್ಟು ದಪ್ಪ ಇರಬೇಕು, ಬ್ರೇಸ್ ಎಷ್ಟು ಕೆತ್ತಬೇಕು ಅನ್ನುವುದನ್ನು ಆ ಪುಸ್ತಕ ನೋಡಿ ನಿರ್ಧರಿಸಿ.